ಖಂಡೇ ಪೂಜೆಗೆ ಬಿಚ್ಚಿದ ಕೇಬಲ್‌ಗಳು

ಹೊಸ ಸರ್ವರ್ ಪೆಟ್ಟಿಗೆಯಿಂದ ಹೊರಬಂದಾಗ ಅದರೊಳಗೆ ಏನೂ ಇರುವುದಿಲ್ಲ. ಕರೆಂಟು ಕೊಟ್ಟರೆ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತವೆ, ದೀಪಗಳು ಮಿಣುಕುತ್ತವೆ, ಅಷ್ಟೇ. ಆಪರೇಟಿಂಗ್ ಸಿಸ್ಟಮ್ ಹಾಕುವವರೆಗೂ ಅದು ಬರೀ ಕಬ್ಬಿಣ. ಹಾಕುವುದು ನನ್ನ ಕೆಲಸ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು, ಕನ್ನಡವೂ ತೆಲುಗೂ ಕೂಡುವ ಗಡಿಯ ಈ ಮೂರು ಊರುಗಳಲ್ಲಿ ಒಂದು ಟ್ರಸ್ಟಿನ ಎಕ್ಸ್‌ರೇ ಕೇಂದ್ರಗಳಿವೆ. ತೆಗೆದ ಚಿತ್ರಗಳೆಲ್ಲ ಆಯಾ ಊರಿನ ಸರ್ವರಿನಲ್ಲೇ ಉಳಿಯುತ್ತವೆ. ಅಲ್ಲಿನ ಹಳೆಯ ಸಿಸ್ಟಮ್‌ಗೆ ತಯಾರಕರ ರಿಪೇರಿ ನಿಂತುಹೋಗಿ ಬಹಳ ಕಾಲವಾಗಿತ್ತು. ಎಲ್ಲವನ್ನೂ ಹೊಸದು ಮಾಡುವ ಗುತ್ತಿಗೆ ನಮ್ಮ ಕಂಪನಿಗೆ ಬಂತು. ಕಂಪನಿ ಎಂದರೆ ಹೈದರಾಬಾದಿನಲ್ಲಿ ಕೂತ ಮಾಲೀಕರು, ಜಹೀರಾಬಾದಿನಲ್ಲಿ ನಾನು, ನಮ್ಮಿಬ್ಬರ ನಡುವೆ ಒಂದು ಫೋನು.

ಅಲ್ಲಿಯವರೆಗೆ ಈ ಕೆಲಸ ಕೈಯಿಂದಲೇ ನಡೆದಿತ್ತು. ಪೆನ್‌ಡ್ರೈವ್ ಚುಚ್ಚಿ, ಸರ್ವರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕು. ಯಾವ ಭಾಷೆ, ಯಾವ ಡಿಸ್ಕು, ಅದರಲ್ಲಿ ಎಷ್ಟು ಭಾಗ, ಗಡಿಯಾರ ಯಾವ ದೇಶದ್ದು. ಹೀಗೆ ಕೂತವರು ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟು ಹೋಗಿರುತ್ತಾರೆ. ನಾರಾಯಣಖೇಡದ ಒಂದು ಸರ್ವರಿಗೆ ನನಗಿಂತ ಮೊದಲಿನವನೊಬ್ಬ ದುಬೈ ಸಮಯ ಕೊಟ್ಟುಬಿಟ್ಟಿದ್ದ. ಆ ಊರಿನ ರೋಗಿಗಳೆಲ್ಲ ಎಷ್ಟೋ ವರ್ಷ ದುಬೈ ಗಡಿಯಾರದ ಪ್ರಕಾರ ಕೆಮ್ಮಿದ್ದಾರೆ.

ಅದಕ್ಕೇ ಈ ಸಲ ಎಲ್ಲವೂ ತಾನಾಗಿಯೇ ಆಗುವಂತೆ ಮಾಡೋಣ ಎಂದೆ. ವಿಧಾನ ಹೊಸದಲ್ಲ. ಸರ್ವರ್ ಎದ್ದ ಕೂಡಲೇ, ತನ್ನ ಡಿಸ್ಕು ನೋಡುವ ಮೊದಲು, ನೆಟ್‌ವರ್ಕಿನಲ್ಲಿ ಕೂಗು ಹಾಕುತ್ತದೆ: ನಾನು ಯಾರು, ಏನು ಮಾಡಲಿ? ಒಂದು ಪುಟ್ಟ ಕಂಪ್ಯೂಟರ್ ಅದಕ್ಕೆ ವಿಳಾಸ ಕೊಡುತ್ತದೆ, ಇನ್‌ಸ್ಟಾಲರ್ ಕಳಿಸುತ್ತದೆ, ಎಲ್ಲ ಪ್ರಶ್ನೆಗಳ ಉತ್ತರಗಳನ್ನೂ ಒಟ್ಟಿಗೇ ಕಳಿಸುತ್ತದೆ. ಮುಂದೆ ಯಾರೂ ಕೀಬೋರ್ಡ್ ಮುಟ್ಟಬೇಕಿಲ್ಲ. ಡಿಸ್ಕು ಅಳಿಸುವುದು, ಭಾಗ ಮಾಡುವುದು, ಸಿಸ್ಟಮ್ ಹಾಕುವುದು, ಮತ್ತೆ ಏಳುವುದು ಎಲ್ಲವೂ ಅದರ ಪಾಡಿಗೆ. ಆ ಪುಟ್ಟ ಕಂಪ್ಯೂಟರಿಗೆ ನಾನು ಸೂಲಗಿತ್ತಿ ಎಂದು ಹೆಸರಿಟ್ಟೆ. ಮಾಲೀಕರು ಕಡತಗಳಲ್ಲಿ ಅದಕ್ಕೆ ಬೇರೆ ಏನೋ ದೊಡ್ಡ ಹೆಸರು ಬರೆದುಕೊಂಡರು.

ಹೇಳಿದಷ್ಟು ಸಲೀಸಾಗಿ ಏನೂ ನಡೆಯಲಿಲ್ಲ. ಮೊದಲು ಮೂರೂ ಊರಿಗೆ ಒಂದೇ ಸೂಲಗಿತ್ತಿ ಸಾಕೆಂದು ಅದನ್ನು ಜಹೀರಾಬಾದಿನಲ್ಲಿಟ್ಟೆ. ನಾರಾಯಣಖೇಡದ ಲೈನು ನಡುವೆ ನಡುವೆ ಕಡಿದುಹೋಗಿ, ಅರ್ಧ ಹುಟ್ಟಿದ ಸರ್ವರ್ ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು. ಕೊನೆಗೆ ಊರಿಗೊಂದು ಸೂಲಗಿತ್ತಿಯಾಯಿತು. ಆಮೇಲೆ ಗುರುತಿನ ತಕರಾರು. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಅದರದೇ ಒಂದು ನಂಬರ್ ಇರುತ್ತದೆ. ಅದನ್ನು ನೋಡಿ ಸೂಲಗಿತ್ತಿ ಇದು ಇಂಥ ಯಂತ್ರ ಎಂದು ತಿಳಿಯಬೇಕು. ಆದರೆ ಸಿಡಿಲಿಗೆ, ಕರೆಂಟಿನ ಏರಿಳಿತಕ್ಕೆ ಕಾರ್ಡು ಸುಟ್ಟಾಗೆಲ್ಲ ಊರಿನ ರಿಪೇರಿಯವರು ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಹಾಕಿದ್ದರು. ಕಾರ್ಡಿನ ಜೊತೆ ಗುರುತೂ ಮನೆ ಬದಲಿಸಿತ್ತು. ಚಿತ್ರಗಳನ್ನಿಡಬೇಕಾದ ಯಂತ್ರ ಎದ್ದು ನಿಂತು ತಾನು ಚೀಟಿ ಕೊಡುವ ಕೌಂಟರಿನದು ಎಂದಿತು. ಬೇಸತ್ತು, ಕಾರ್ಡಿನ ಗೊಡವೆಯೇ ಬೇಡವೆಂದು, ಕೇಬಲ್ ಸ್ವಿಚ್ಚಿನ ಯಾವ ತೂತಿಗೆ ಬಂದಿದೆಯೋ ಅದೇ ಯಂತ್ರದ ಗುರುತು ಎಂದು ಬದಲಿಸಿದೆ. ಈ ತೂತಿನಲ್ಲಿದ್ದರೆ ಸಿಸ್ಟಮ್ ಹಾಕು, ಆ ತೂತಿನಲ್ಲಿದ್ದರೆ ಸುಮ್ಮನೆ ನಿನ್ನ ಡಿಸ್ಕಿನಿಂದ ಏಳು. ಎರಡು ಊರುಗಳಲ್ಲಿ ಅದು ಹೂವೆತ್ತಿದ ಹಾಗೆ ನಡೆಯಿತು. ಮಾಲೀಕರು ಮೊದಲ ಸಲ ಫೋನಿನಲ್ಲಿ ನಕ್ಕರು.

ಉಳಿದದ್ದು ತಾಂಡೂರು. ಅಲ್ಲಿ ಹಳೆಯದೊಂದು ಸರ್ವರ್, ಅದರಲ್ಲಿ ಕೇಂದ್ರ ತೆರೆದಾಗಿನಿಂದ ತೆಗೆದ ಅಷ್ಟೂ ಎಕ್ಸ್‌ರೇ. ಅದರ ಸೂಚಿ ಕೆಟ್ಟುಹೋಗಿತ್ತು. ಚಿತ್ರಗಳು ಒಳಗಿವೆ, ಯಾರದು ಯಾವುದು ಎಂದು ಹುಡುಕಲು ಮಾತ್ರ ಬರುವುದಿಲ್ಲ. ಹೊಸ ಸರ್ವರೊಂದಕ್ಕೆ ಸಿಸ್ಟಮ್ ಹಾಕಿ, ಚಿತ್ರಗಳನ್ನೆಲ್ಲ ಅದಕ್ಕೆ ನಕಲು ಮಾಡಿ, ಅಲ್ಲಿ ಹೊಸ ಸೂಚಿ ಕಟ್ಟುವುದು ನನ್ನ ಯೋಜನೆ. ಕೇಂದ್ರಕ್ಕೆ ಇತ್ತೀಚಿನವೇ ಬೇಕಾಗುವುದರಿಂದ ನಕಲು ಈ ವರ್ಷದಿಂದ ಹಿಂದಕ್ಕೆ ನಡೆದಿತ್ತು. ಎರಡನೆಯ ಹೊಸ ಸರ್ವರ್, ಕೌಂಟರಿಗೆಂದು ತರಿಸಿದ ಸಣ್ಣದು, ಇನ್ನೂ ಪೆಟ್ಟಿಗೆಯಲ್ಲಿತ್ತು. ಅದಕ್ಕೆಂದು ಸ್ವಿಚ್ಚಿನಲ್ಲಿ ಒಂದು ತೂತು ಕಾದಿರಿಸಿ, ಸಿಸ್ಟಮ್ ಹಾಕು ಎಂದು ಗುರುತು ಮಾಡಿಟ್ಟಿದ್ದೆ. ಹಳೆಯದು ಖಾಲಿಯಾದ ಮೇಲೆ ಅದಕ್ಕೂ ಹೊಸ ಸಿಸ್ಟಮ್ ಹಾಕಬೇಕಾದ್ದರಿಂದ ಅದೂ ಎದ್ದಾಗ ಮೊದಲು ಸೂಲಗಿತ್ತಿಯನ್ನೇ ಕೇಳುವಂತೆ ಮಾಡಿದ್ದೆ.

ಆ ಕೇಂದ್ರದ ಎಕ್ಸ್‌ರೇ ಟೆಕ್ನಿಷಿಯನ್ ಕೊಡಂಗಲ್ ಕಡೆಯವರು, ಐವತ್ತರ ಆಸುಪಾಸು, ಯಂತ್ರಗಳ ಮೇಲೆ ಬಹಳ ಮಮತೆ. ಸರ್ವರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದರೆ ನನ್ನನ್ನೇ ತಡೆಯುತ್ತಿದ್ದರು. ಸಿಸ್ಟಮ್ ಹಾಕುವಾಗ ಯಾರಾದರೂ ಕರೆಂಟು ತೆಗೆದಾರೆಂದು ನಾನು ಬಾಗಿಲಿಗೆ ಕನ್ನಡದಲ್ಲೂ ತೆಲುಗಿನಲ್ಲೂ ಚೀಟಿ ಅಂಟಿಸಿದ್ದೆ: ಪರದೆಯ ಮೇಲೆ ಪಟ್ಟಿ ಓಡುತ್ತಿರುವಾಗ ಯಂತ್ರ ಬಂದ್ ಮಾಡಬಾರದು.

ನಾನು ನಕಲು ಶುರು ಮಾಡಿ ಕೂತಿದ್ದ ದಿನವೇ ಕಲ್ಲಿನ ಕೆಲಸದವರೊಬ್ಬರು ಬಂದರು. ಯಾಲಾಲ್ ಕಡೆಯ ಹಳ್ಳಿಯವರು, ನೆಲಕ್ಕೆ ಹಾಸುವ ತಾಂಡೂರಿನ ಫರ್ಶಿ ಕಲ್ಲಿನ ಪಾಲಿಶ್ ಮಷೀನಿನ ಮೇಲೆ ವಯಸ್ಸು ಕಳೆದವರು. ಹೆಂಡತಿ ಜೊತೆಗಿದ್ದರು. ವಾರಕ್ಕೊಮ್ಮೆ ಬರುವ ಡಾಕ್ಟರಮ್ಮ ಅವರ ಹೊಸ ಎಕ್ಸ್‌ರೇ ನೋಡಿ, ಬಲಗಡೆ ಮೇಲೆ ಒಂದು ನೆರಳು ಕಾಣುತ್ತದೆ, ಹೈದರಾಬಾದಿಗೆ ಹೋಗಿ ಸೂಜಿ ಹಾಕಿ ಚೂರು ತೆಗೆಸಿ ನೋಡಬೇಕು ಎಂದಿದ್ದರು. ಇವರು ಒಪ್ಪಲಿಲ್ಲ.

“ಅದು ನನ್ನ ಹಳೀ ಟಿಬಿ ಕಲೆ ಅದರಿ,” ಎಂದರು. “ಔಷಧ ಮುಗಿಸಿದಾಗ ಇಲ್ಲೇ ಫೋಟೋ ತಗದಿದ್ರು. ಅದನ್ನ ತಗದು ನೋಡ್ರಿ. ಸುಳ್ಳ ಯಾಕ ಸೂಜಿ ಹಾಕ್ತೀರಿ?”

“ಆ ಫಿಲ್ಮು ಮನೆಯಲ್ಲಿಲ್ಲವಾ?” ಎಂದು ಡಾಕ್ಟರಮ್ಮ ಕೇಳಿದರು.

ಹೆಂಡತಿ ಗಂಡನ ಮುಖ ನೋಡಿದರು. “ಗ್ರಹಣ ನೋಡಾಕ ಹುಡುಗರು ಕತ್ತರಿಸಿ ಹಂಚ್ಕೊಂಡ್ರು, ಡಾಕ್ಟರ್ ಬಾಯಾರ.”

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ, ನನಗೂ. ಆಮೇಲೆ ಅವರು ಗಂಭೀರವಾಗಿಯೇ ಹೇಳಿದರು. ಹಳೆಯದರಲ್ಲಿ ಅದೇ ನೆರಳು ಅದೇ ಗಾತ್ರದಲ್ಲಿದ್ದರೆ ಸೂಜಿ ಬೇಡ, ಮನೆಗೆ ಹೋಗಬಹುದು. ಇಲ್ಲದಿದ್ದರೆ ಒಂದು ವಾರವೂ ತಡ ಮಾಡಬಾರದು. ಎಲ್ಲರೂ ನನ್ನ ಕಡೆ ತಿರುಗಿದರು. ನಕಲು ಆ ವರ್ಷಕ್ಕೆ ಇನ್ನೂ ಬಂದಿಲ್ಲ, ಇನ್ನು ನಾಲ್ಕು ದಿನಕ್ಕೆ ದಸರಾ, ಮುಗಿಸಿ ಬನ್ನಿ, ಅಷ್ಟರಲ್ಲಿ ಸಿಕ್ಕಿರುತ್ತದೆ ಎಂದೆ. “ಆತು ಯವ್ವಾ, ನಿನ್ನ ಕೈಯಾಗ ಅದ,” ಎಂದು ಅವರು ಕೈ ಮುಗಿದು ಹೋದರು. ಹೋಗುವಾಗ ಮೆಟ್ಟಿಲ ಮೇಲೆ ನಿಂತು ಬಹಳ ಹೊತ್ತು ಕೆಮ್ಮಿದರು.

ಖಂಡೇ ಪೂಜೆಯ ದಿನ ನಾನು ಜಹೀರಾಬಾದಿನ ಮನೆಯಲ್ಲಿದ್ದೆ. ನಮ್ಮ ಕಡೆ ಆ ದಿನ ದುಡಿಯುವ ಸಾಮಾನಿಗೆಲ್ಲ ರಜೆ. ಕುಡುಗೋಲು, ತಕ್ಕಡಿ, ಹೊಲಿಗೆ ಯಂತ್ರ, ಆಟೋ ಎಲ್ಲವನ್ನೂ ತೊಳೆದು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಪೂಜೆಯಾಗುವವರೆಗೆ ಮುಟ್ಟದೆ ಇಡುತ್ತಾರೆ. ಕೇಂದ್ರದ ಕಂಪ್ಯೂಟರುಗಳಿಗೂ ಕುಂಕುಮ ಹಚ್ಚುತ್ತಾರೆಂದು ನನಗೆ ಗೊತ್ತಿತ್ತು. ಬೊಟ್ಟಿನಷ್ಟು ಕುಂಕುಮದಿಂದ ಸರ್ವರಿಗೇನೂ ಆಗುವುದಿಲ್ಲ. ನಾನು ಸ್ಕೂಟಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದಾಗ ತಾಂಡೂರಿನ ಟೆಕ್ನಿಷಿಯನ್ ಫೋನ್ ಮಾಡಿದರು. ದನಿಯಲ್ಲಿ ಹಬ್ಬವಿತ್ತು.

“ಮೇಡಮ್, ಪೂಜಾ ಭಾಳ ಚೊಲೋ ಆತ್ರಿ. ಎಲ್ಲಾ ಮಷೀನ ಬಿಚ್ಚಿ, ಕೇಬಲ್ ತಗದು, ಧೂಳ ಒರಸಿ, ಮತ್ತ ಹಾಕೀನ್ರಿ. ಮತ್ತ ನಿಮ್ದು ಕಮಾಲ್ ಅದ ನೋಡ್ರಿ! ಹಳೀದಕ್ಕೂ ಹೊಸಾ ಸಿಸ್ಟಮ್ ತಾನೇ ಹಾಕ್ಕೊಳ್ಳಾಕತ್ತದ. ಪಟ್ಟಿ ಓಡಾಕತ್ತದ್ರಿ.”

ಬಿಚ್ಚಿದ ಕೇಬಲ್‌ಗಳನ್ನು ಅವರು ಕೈಗೆ ಸಿಕ್ಕ ತೂತಿಗೆ ಹಾಕಿದ್ದರು. ಅವರಿಗೆ ತೂತು ತೂತೇ. ಹಳೆಯ ಸರ್ವರಿನ ಕೇಬಲ್ ಕಾದಿರಿಸಿದ ತೂತಿಗೆ ಬಿದ್ದಿತ್ತು, ಸೂಲಗಿತ್ತಿ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಳು.

“ಕರೆಂಟು ತಗೀರಿ! ಈಗಿಂದೀಗ ತಗೀರಿ, ಅಣ್ಣಾ!”

“ಪಟ್ಟಿ ಓಡಾಕತ್ತದ್ರಿ.”

“ಗೊತ್ತದ್ರಿ, ಕೀಳ್ರಿ ವಾಯರು!”

“ಓಡುವಾಗ ಬಂದ್ ಮಾಡಬ್ಯಾಡ್ರಿ ಅಂತ ನೀವೇ ಬರ್ದೀರಲ್ರಿ ಬಾಗಲಿಗಿ. ಅದರಾಗ ಇವತ್ತು ಪೂಜಾ ಮಾಡಿದ್ದು, ಹಚ್ಚಿದ ದೀಪ ಆರಿಸಿದಂಗ...”

ನಾನು ಅಷ್ಟು ಕಿರುಚಿದ್ದು ನನ್ನ ಮದುವೆಯಲ್ಲಿ ಅಡುಗೆ ಸೀದಾಗಲೂ ಇಲ್ಲ. ಕೊನೆಗೆ ಅವರು ವೈರು ಕಿತ್ತರು. ಫೋನಿನಲ್ಲಿ ಗಿರಣಿ ನಿಂತ ಹಾಗೆ ಫ್ಯಾನುಗಳ ಸದ್ದು ಇಳಿದುಹೋದದ್ದು ಕೇಳಿಸಿತು.

ರೈಲಿಗೆ ಕಾಯದೆ ಒಂದು ಕಾರು ಗೊತ್ತು ಮಾಡಿಕೊಂಡು ಹೊರಟೆ. ದಾರಿಯುದ್ದಕ್ಕೂ ಬಾಳೆಕಂಬ ಕಟ್ಟಿದ ಟ್ರ್ಯಾಕ್ಟರುಗಳು, ಹಾರ ಹಾಕಿದ ಲಾರಿಗಳು. ಎಲ್ಲರ ಸಾಮಾನು ಸುಖವಾಗಿತ್ತು, ನನ್ನದು ಮಾತ್ರ ಹಾಳಾಗಿತ್ತು. ಮಾಲೀಕರಿಗೆ ದಾರಿಯಲ್ಲೇ ಫೋನ್ ಮಾಡಿದೆ. ದಸರೆಯ ಮರುದಿನ ಟ್ರಸ್ಟಿನ ಅಧ್ಯಕ್ಷರು ತಾಂಡೂರಿಗೆ ಬಂದು ಹೊಸ ವ್ಯವಸ್ಥೆಯ ರಿಬ್ಬನ್ ಕತ್ತರಿಸುವವರಿದ್ದರು. ಮಾಲೀಕರು ತೆಲುಗಿನಲ್ಲಿ ತಣ್ಣಗೆ ಹೇಳಿದರು: ಹೇಗೂ ಅರ್ಧ ಹೋಗಿದೆ, ಇನ್‌ಸ್ಟಾಲ್ ಪೂರ್ತಿ ಮಾಡಿಬಿಡು. ಡಿಸ್ಕಿಗೆ ವಯಸ್ಸಾಗಿತ್ತು, ಹೋಯಿತು ಅನ್ನು. ಹಳೆಯ ಎಕ್ಸ್‌ರೇ ಯಾರು ಕೇಳುತ್ತಾರೆ?

ಕೇಳಿದವರೊಬ್ಬರಿದ್ದಾರೆ ಎಂದೆ. ಒಬ್ಬರಿಗಾಗಿ ಕೇಂದ್ರವನ್ನೇ ನಿಲ್ಲಿಸಲಾಗುತ್ತದೆಯೇ ಎಂದರು. ಫೋನ್ ಇಟ್ಟುಬಿಟ್ಟೆ.

ತಾಂಡೂರಿನಲ್ಲಿ ಟೆಕ್ನಿಷಿಯನ್ ಕೇಂದ್ರದ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದರು. ಒಡೆದ ತೆಂಗಿನಕಾಯಿ ಹೊಸ್ತಿಲ ಹತ್ತಿರವೇ ಇತ್ತು. ಒಳಗೆ ಸರ್ವರುಗಳು ಎಂದೂ ಇಲ್ಲದಷ್ಟು ಲಕಲಕ ಹೊಳೆಯುತ್ತಿದ್ದವು. “ನನ್ನ ಕೈ ಮುರೀಲಿ,” ಎಂದರು. ಬಯ್ಯಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಹೋಗಿದ್ದೆ, ಅವರ ಮುಖ ನೋಡಿ ಬಾಯಿ ಬರಲಿಲ್ಲ. ಆದರೆ ಸಿಟ್ಟು ಹೋಗಿರಲಿಲ್ಲ. ಬಾಗಿಲಿನ ಚೀಟಿಯನ್ನು ಕಿತ್ತು ಹರಿದೆ.

ಹಳೆಯ ಸರ್ವರಿನಲ್ಲಿ ಜೋಡಿ ಡಿಸ್ಕುಗಳಿದ್ದವು. ಒಂದು ಹೋದರೆ ಇನ್ನೊಂದಿದೆಯಲ್ಲ ಎಂದು ಟ್ರಸ್ಟಿನವರು ಇಷ್ಟು ವರ್ಷ ನೆಮ್ಮದಿಯಾಗಿದ್ದರು. ಡಿಸ್ಕು ಕೆಟ್ಟರೆ ಆ ಮಾತು ನಿಜ. ಅಳಿಸಿದರೆ ಎರಡೂ ಒಟ್ಟಿಗೇ ಅಳಿಯುತ್ತವೆ, ಏಕೆಂದರೆ ಒಂದರಲ್ಲಿ ಆದದ್ದು ಇನ್ನೊಂದರಲ್ಲೂ ಆಗಲೇಬೇಕು. ನಮ್ಮ ಪುಣ್ಯಕ್ಕೆ ಅವು ತಿರುಗುವ ಹಳೇ ಕಾಲದ ಡಿಸ್ಕುಗಳು. ಈಗಿನ ಹೊಸ ಬಗೆಯವಾಗಿದ್ದರೆ ಇನ್‌ಸ್ಟಾಲರ್ ಅಳಿಸು ಎಂದ ಕ್ಷಣವೇ ಎಲ್ಲವೂ ಸೊನ್ನೆಯಾಗುತ್ತಿತ್ತು. ಇದರಲ್ಲಿ ಮನೆಯ ಬಾಗಿಲ ಮೇಲಿನ ಹೆಸರು ಬದಲಾಗಿತ್ತು, ಮುಂದಿನ ಕೋಣೆಗಳಲ್ಲಿ ಹೊಸಬರು ಸಾಮಾನು ಇಳಿಸಿದ್ದರು, ಹಿಂದಿನ ಕೋಣೆಗಳು ಹಾಗೆಯೇ ಇರಬಹುದಿತ್ತು. ಆದರೆ ಅವನ್ನು ತೆಗೆಯಬೇಕಾದರೆ ಅಷ್ಟು ದೊಡ್ಡ ಜಾಗ ಬೇಕು, ಮತ್ತು ಅಷ್ಟು ಜಾಗವಿದ್ದದ್ದು ರಿಬ್ಬನ್ ಕಾಯುತ್ತಿದ್ದ ಹೊಸ ಸರ್ವರಿನಲ್ಲಿ ಮಾತ್ರ.

ಅದನ್ನು ಕೆಲಸದಿಂದ ತೆಗೆದೆ. ಯಾರನ್ನೂ ಕೇಳಲಿಲ್ಲ. ಮೂರೂ ಊರಿನ ಸೂಲಗಿತ್ತಿಗಳನ್ನು ಬಂದ್ ಮಾಡಿಸಿ, ಮಾಲೀಕರಿಗೆ ಒಂದು ಮೆಸೇಜ್ ಹಾಕಿದೆ: ಅಧ್ಯಕ್ಷರಿಗೆ ಬರಬೇಡಿ ಎಂದು ಹೇಳಿ, ಕಾರಣ ಕೇಳಿದರೆ ನನ್ನ ನಂಬರ್ ಕೊಡಿ. ಅವರು ತಿರುಗಿ ಫೋನ್ ಮಾಡಿ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನೌಕರಿ ಹೋಗುತ್ತದೆ ಎಂಬುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು, ಹೆದರಿಕೆಯೂ ಆಯಿತು.

ಜೋಡಿಯಲ್ಲಿ ಒಂದು ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಇನ್ನೊಂದನ್ನು ಓದಲಷ್ಟೇ ಬರುವಂತೆ, ಬರೆಯಲು ಬರದಂತೆ ಜೋಡಿಸಿ, ಮೊದಲಿನಿಂದ ಕೊನೆಯವರೆಗೆ ಇದ್ದದ್ದನ್ನು ಇದ್ದ ಹಾಗೆ ಹೊಸ ಸರ್ವರಿಗೆ ನಕಲು ಮಾಡಿದೆ. ಆಮೇಲೆ ಆ ನಕಲಿನ ಮೇಲೆ ಹುಡುಕಾಟ. ಎಕ್ಸ್‌ರೇ ಕಡತ ಎಲ್ಲಿ ಶುರುವಾದರೂ ತಲೆಯಲ್ಲಿ ನಾಲ್ಕು ಗೊತ್ತಾದ ಅಕ್ಷರಗಳಿರುತ್ತವೆ. ಡಿಸ್ಕಿನುದ್ದಕ್ಕೂ ಆ ಅಕ್ಷರಗಳನ್ನು ಹುಡುಕುತ್ತ, ಸಿಕ್ಕಲ್ಲಿಂದ ಒಂದೊಂದೇ ಚಿತ್ರ ಕತ್ತರಿಸಿ ತೆಗೆಯುವ ಪ್ರೋಗ್ರಾಮ್ ಹಚ್ಚಿದೆ. ರೋಗಿಯ ಹೆಸರು, ಊರು, ತೆಗೆದ ದಿನ ಕಡತದ ಒಳಗೇ ಇರುವುದರಿಂದ ಸೂಚಿಯ ಹಂಗಿಲ್ಲ. ಅದು ಬಸವನಹುಳುವಿನಂತೆ ಸಾಗಿತು. ದಸರೆಯ ದಿನ ಊರೆಲ್ಲ ಬನ್ನಿ ಹಂಚಿಕೊಳ್ಳುವಾಗ ನಾವಿಬ್ಬರು ಪರದೆಯ ಮುಂದೆ ಕೂತು ಯಾರ್‍ಯಾರದೋ ಮುರಿದ ಮೊಣಕೈ, ಯಾರದೋ ನುಂಗಿದ ನಾಣ್ಯ ನೋಡಿದೆವು. ಎಷ್ಟೋ ಚಿತ್ರಗಳು ಹರಕು ಮುರುಕಾಗಿ ಬಂದವು. ಎಷ್ಟೋ ಬರಲೇ ಇಲ್ಲ. ಟೆಕ್ನಿಷಿಯನ್ ಪ್ರತಿಯೊಂದು ಎದೆ ಬಂದಾಗಲೂ ಎದ್ದು ನಿಂತು ಹೆಸರು ಓದಿ ಮತ್ತೆ ಕೂರುತ್ತಿದ್ದರು.

ಕೆಲಸವಿಲ್ಲದೆ ಕೂತಾಗ ಗುರುತಿನ ವ್ಯವಸ್ಥೆಯನ್ನು ಮೊದಲಿನಿಂದ ಬರೆದೆ. ನಮ್ಮಪ್ಪ ನ್ಯಾಲ್ಕಲ್ ಕಡೆ ಕುರಿ ಕಾಯ್ದವರು. ಕುರಿಯನ್ನು ಕಿವಿಯ ಗುರುತು ನೋಡಿ ತಿಳಿಯುತ್ತಾರೆಯೇ ಹೊರತು ದೊಡ್ಡಿಯಲ್ಲಿ ಎಲ್ಲಿ ನಿಂತಿದೆ ಎಂದು ನೋಡಿ ಅಲ್ಲ. ಸರ್ವರಿನ ಬೋರ್ಡಿನ ಮೇಲೆ ತಯಾರಕರೇ ಹಾಕಿದ ಸಂಖ್ಯೆಯೊಂದಿರುತ್ತದೆ, ಕಾರ್ಡು ಬದಲಾದರೂ ಕೇಬಲ್ ಬದಲಾದರೂ ಅದು ಬದಲಾಗದು. ಇನ್ನು ಮುಂದೆ ಅದೇ ಗುರುತು. ಗುರುತು ಸಿಗದಿದ್ದರೆ, ಅಥವಾ ಡಿಸ್ಕಿನಲ್ಲಿ ಮೊದಲೇ ಏನಾದರೂ ಇದ್ದರೆ, ಸೂಲಗಿತ್ತಿ ಕೈಕಟ್ಟಿ ನಿಲ್ಲಬೇಕು. ಒಬ್ಬ ಮನುಷ್ಯ ಅಲ್ಲೇ ನಿಂತು ಹೂಂ ಅನ್ನುವವರೆಗೆ ಏನನ್ನೂ ಅಳಿಸಬಾರದು. ಇಷ್ಟಾದರೆ ಅದು ಪೂರ್ತಿ ತಾನಾಗಿ ಆಗುವ ಕೆಲಸವಲ್ಲ ಎಂದು ಮಾಲೀಕರು ಆಮೇಲೆ ತಕರಾರು ತೆಗೆದರು. ಅಲ್ಲವೇ ಅಲ್ಲ ಎಂದೆ.

ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಆ ಕಲ್ಲಿನ ಕೆಲಸದವರ ಹೆಸರು ಬಂತು. ಹೆಸರು, ಯಾಲಾಲಿನ ಹಳ್ಳಿ, ವಯಸ್ಸು ಎಲ್ಲ ತಾಳೆಯಾಯಿತು. “ಸಿಕ್ತ್ರೀ!” ಎಂದು ಟೆಕ್ನಿಷಿಯನ್ ಕೂಗಿ, ನಾನು ಚಿತ್ರ ತೆರೆಯುವ ಮೊದಲೇ ಅವರಿಗೆ ಫೋನ್ ಹಚ್ಚಿಬಿಟ್ಟರು. “ಕಾಕಾ, ಸಿಕ್ಕದ ನಿಮ್ಮ ಫೋಟೋ. ಫಿಕರ್ ಮಾಡಬ್ಯಾಡ್ರಿ, ನಾಳಿ ಬರ್‍ರಿ, ಡಾಕ್ಟರಮ್ಮ ಇರ್ತಾರ.” ನನಗೆ ಕಣ್ಣು ತುಂಬಿ ಬಂತು. ಅಷ್ಟು ಖುಷಿ ನನಗೆ ಈ ಕೆಲಸದಲ್ಲಿ ಎಂದೂ ಆಗಿರಲಿಲ್ಲ.

ಚಿತ್ರ ತೆರೆದೆ. ಮೇಲಿನಿಂದ ಒಂದೊಂದೇ ಗೆರೆ ಇಳಿಯುತ್ತ ಬಂದು, ಎದೆಯ ಕೆಳಭಾಗಕ್ಕೆ ಬರುವಷ್ಟರಲ್ಲಿ ಬೂದು ಬಣ್ಣವಾಗಿ ನಿಂತಿತು. ಅಲ್ಲಿಂದ ಕೆಳಗಿನದು ಅಳಿದುಹೋಗಿತ್ತು. ಮೇಲಿನದು ಸಾಕು, ನಮಗೆ ಬೇಕಾದದ್ದು ಬಲಗಡೆ ಮೇಲಿನ ಭಾಗ ಎಂದುಕೊಂಡೆ. ಟೆಕ್ನಿಷಿಯನ್ ಪಕ್ಕದ ಪರದೆಯಲ್ಲಿ ಹೊಸ ಎಕ್ಸ್‌ರೇ ತೆರೆದರು. ಎರಡನ್ನೂ ನೋಡಿದರು. ನಾನು ಅವರ ಮುಖ ನೋಡಿದೆ. ನನಗೆ ಎಕ್ಸ್‌ರೇ ಓದಲು ಬರುವುದಿಲ್ಲ, ಆದರೂ ಕಂಡಿತು. ಹೊಸದರಲ್ಲಿ ನೆರಳಿದ್ದ ಕಡೆ ಹಳೆಯದರಲ್ಲಿ ಪಕ್ಕೆಲುಬುಗಳ ನಡುವೆ ಬರೀ ಕಪ್ಪು, ಸ್ವಚ್ಛ ಗಾಳಿ. ಕಲೆಯಿಲ್ಲ, ಗೀರಿಲ್ಲ.

ಹುಡುಕುವ ಆತುರದಲ್ಲಿ, ಅದು ಸಿಕ್ಕಿದರೆ ಏನು ಹೇಳೀತು ಎಂದು ನಾವಿಬ್ಬರೂ ಒಮ್ಮೆಯೂ ಯೋಚಿಸಿರಲಿಲ್ಲ. ಸಿಗುವುದೇ ಒಳ್ಳೆಯ ಸುದ್ದಿ ಎಂದುಕೊಂಡಿದ್ದೆವು. ಟೆಕ್ನಿಷಿಯನ್ ಮತ್ತೆ ಫೋನ್ ಎತ್ತಿಕೊಂಡು, ನಂಬರ್ ಒತ್ತದೆಯೇ ಕೆಳಗಿಟ್ಟರು.

ಮರುದಿನ ಗಂಡ ಹೆಂಡತಿ ಇಬ್ಬರೂ ಹಬ್ಬದ ಬಟ್ಟೆಯಲ್ಲೇ ಬಂದರು. ಗಂಡ ಬಾಗಿಲಲ್ಲಿ ನಿಂತು ನನಗೆ ಕೈ ಮುಗಿದರು. “ಚೊಲೋ ಆತು ಯವ್ವಾ, ಪುಣ್ಯಾ ಕಟ್ಕೊಂಡಿ. ಸೂಜಿ ತಪ್ತು.” ಒಳಗೆ ಹೋಗಿ ಎಂದಷ್ಟೇ ಹೇಳಿದೆ. ಅವರ ಮುಖ ನೋಡಲಾಗಲಿಲ್ಲ. ಇಲ್ಲದ ಕೆಲಸ ಹುಡುಕಿಕೊಂಡು ಸರ್ವರ್ ಕೋಣೆಗೆ ಹೋಗಿ, ಸರಿಯಾಗಿಯೇ ಇದ್ದ ಕೇಬಲ್‌ಗಳನ್ನು ಸರಿಮಾಡುತ್ತ ನಿಂತೆ.

ಡಾಕ್ಟರಮ್ಮ ಬಾಗಿಲು ಮುಚ್ಚಿಕೊಂಡು ಬಹಳ ಹೊತ್ತು ಮಾತಾಡಿದರು. ಗಂಡ ಹೆಂಡತಿ ಹೊರಬಂದಾಗ ನಾನು ಕಟ್ಟೆಯ ಮೇಲಿದ್ದೆ. ಹೆಂಡತಿ ಸೀದಾ ನೀರಿನ ನಲ್ಲಿಯ ಕಡೆ ಹೋದರು. ಗಂಡ ಬಂದು ನನ್ನ ಪಕ್ಕದಲ್ಲಿ ಕೂತರು.

“ನೀ ಹುಡಿಕ್ಕೊಡದಿದ್ರ ನಾ ಹೈದ್ರಾಬಾದಿಗಿ ಹೋಗ್ತಿದ್ದಿಲ್ಲ,” ಎಂದರು. “ಹಳೀದೇ ಅದ, ಹಳೀದೇ ಅದ ಅಂದ್ಕೊಂಡು ಮತ್ತ ಕಲ್ಲಿಗೇ ಹೋಗ್ತಿದ್ದೆ.”

“ಕಾಕಾ...” ಎಂದೆ.

ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ನಲ್ಲಿಯ ಕೆಳಗೆ ಮುಖ ತೊಳೆಯುತ್ತಲೇ ಇದ್ದ ಹೆಂಡತಿಯನ್ನು ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ, “ಆಕೀಗಿ ಹಿಂದಿ ಬರಂಗಿಲ್ಲವ್ವ,” ಎಂದರು. “ಅಲ್ಲಿ ದವಾಖಾನ್ಯಾಗ ಯಾರನ್ನ ಏನ್ ಕೇಳಬೇಕು ಅಂತ ಒಂದಿಷ್ಟು ಆಕೀಗಿ ಹೇಳಿಕೊಡು.”